ಆ ಮೂಲೆಯಲ್ಲಿ ನನ್ನ ಕೂಸು ಇರಲಿಲ್ಲ

ಸೃಷ್ಟಿ, ಸಮರ್ಥ — ನಮ್ಮ ಮನೆಯ ಹಿಂದಿನ ಬಯಲಿನ ಮೂಲೆಯಲ್ಲಿ ನಿಮ್ಮ ಅತ್ತೆ ಮಲಗಿದ್ದಾಳೆ ಎಂದು ಊರೆಲ್ಲ ನಂಬಿದೆ. ನೀವೂ ನಂಬಿದ್ದೀರಿ. ಗೋಕಾಕದಿಂದ ಶಾಲೆಯ ಸೂಟಿಗೆ ಬಂದಾಗ ಅಲ್ಲಿ ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದೀರಿ. ಮಕ್ಕಳೇ, ಅಲ್ಲಿ ಯಾರೂ ಇಲ್ಲ. ಅದು ನಾನು ಹೇಳಿದ ಸುಳ್ಳು. ಊರ ಶಾಲೆಗೆ ಸಿಗಬೇಕಿದ್ದ ಜಾಗವನ್ನು ಆ ಸುಳ್ಳಿನಿಂದ ತಡೆದವಳು ನಿಮ್ಮ ಅಪ್ಪನ ತಾಯಿ, ನಿಮ್ಮ ಆಯಿ.

ಕೂಸು ಹುಟ್ಟಿದ್ದು ಖರೆ, ಹೋದದ್ದೂ ಖರೆ. ನಿಮ್ಮ ಅಪ್ಪನ ಬೆನ್ನಿಗೆ ಹುಟ್ಟಿದ ಹೆಣ್ಣುಮಗು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ನಿಮ್ಮ ಅಜ್ಜ ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಊರು ಏಳುವ ಮೊದಲೇ ನಮ್ಮ ಹೊಲಕ್ಕೆ ಒಯ್ದು, ಬದುವಿನ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದರು. ಎಲ್ಲಿ ಎಂಬುದು ಅವರಿಗೆ, ನನ್ನ ಅತ್ತೆಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಮೂಡಲಗಿ ಕಡೆಯ ನನ್ನ ತವರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದೆ. ಪಾಠ ಒಪ್ಪಿಸು ಎಂದರೆ ಅಳು ಬರುತ್ತಿತ್ತು. ಹುಕ್ಕೇರಿ ತಾಲೂಕಿನ ಈ ಊರಿಗೆ ಸೊಸೆಯಾಗಿ ಬಂದ ಮೇಲಂತೂ ಗಂಡಸರ ಎದುರು ಬಾಯಿ ತೆರೆದವಳೇ ಅಲ್ಲ. ಊರು ಎಷ್ಟು ಇಕ್ಕಟ್ಟೆಂದು ನಿಮಗೆ ಗೊತ್ತು — ಗೋಡೆಗೆ ಗೋಡೆ ಹತ್ತಿದ ಮನೆಗಳು, ಎದುರಿಗೆ ಬಂದವರಿಗೆ ದಾರಿ ಬಿಡಲು ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಬೇಕು. ನಮ್ಮ ಹಿತ್ತಲ ಬಾಗಿಲು ಮಾತ್ರ ಆ ಬಯಲಿಗೆ ತೆರೆಯುತ್ತಿತ್ತು. ಅದು ನಮ್ಮದಲ್ಲ, ಊರಿನದು. ಆದರೆ ಮಧ್ಯಾಹ್ನ ಅಲ್ಲಿ ಯಾರೂ ಇರುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಜಾರಿಸಿ, ಕೂದಲು ಬಿಚ್ಚಿ ಬಿಸಿಲಿಗೆ ಕೂಡಬಹುದಾದ ಒಂದೇ ಜಾಗ ನನಗೆ ಅದು. ಅಷ್ಟೇ. ನಾನು ಉಳಿಸಿಕೊಂಡದ್ದು ಇಷ್ಟನ್ನೇ, ಇದಕ್ಕಿಂತ ದೊಡ್ಡದೇನನ್ನೂ ಅಲ್ಲ.

ಆಗ ಶಾಲೆಗೆ ಎರಡೇ ಖೋಲಿ. ಮೇಲಿನ ತರಗತಿಗಳಿಗೆ ಕಟ್ಟಡ ಬರುವುದಿತ್ತು, ಜಾಗ ತೋರಿಸಿರೆಂದು ಸರಕಾರದವರು ಹೇಳಿದ್ದರು. ಗಂಡಸರೆಲ್ಲ ಆ ಬಯಲಿನಲ್ಲಿಯೇ ಸಭೆ ಸೇರಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಶಾಲೆಯಾಗಲೇಬೇಕೆಂದು ಓಡಾಡುತ್ತಿದ್ದವರು ನಿಮ್ಮ ಅಜ್ಜನ ಕಾಕಾ, ಬಾಳಪ್ಪ ಕಾಕಾ.

“ಸಾಲಿಗಿ ಜಾಗಾ ಅಂದ ಕೂಡ್ಲೆ ಎಲ್ಲಾರೂ ಮುಗಿಲ ನೋಡ್ತೀರಲೇ, ಮ್ಯಾಲೇನ ಕಟ್ಟೂದೈತೇನು?” ಎಂದು ಕಾಕಾ ರೇಗಿದರು.

“ನಿಮ್ಮ ಹಿತ್ತಲಾ ಕೊಡ್ರಿ ಕಾಕಾ” ಎಂದು ಯಾರೋ ಕೆಣಕಿದರು.

“ನನ್ನ ಹಿತ್ತಲದಾಗ ಎಮ್ಮಿ ಹೊಳ್ಳಾಕ ಜಾಗಾ ಇಲ್ಲೋ! ಒಳಗ ಹೋದಾಕಿ ಹಿಂದ್ಹಿಂದ ನಡಕೊಂತ ಹೊರಗ ಬರ್ತಾಳ.”

ಎಲ್ಲರೂ ನಕ್ಕರು. ನಗುತ್ತಲೇ, ಈ ಬಯಲೇ ಆಗಲಿ ಎಂದು ಒಪ್ಪಿದರು. ಒಬ್ಬನು ನಮ್ಮ ಬಾಗಿಲಿಗೆ ಹತ್ತಿಕೊಂಡೇ ಕೋಲಿನಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ. ಗೋಡೆ ಅಲ್ಲಿ ಏಳುತ್ತದೆ, ನನ್ನ ಬಿಸಿಲು ಹೋಗುತ್ತದೆ — ಅಷ್ಟೇ ಹೊಳೆಯಿತು ನನಗೆ. ಹೊಸ್ತಿಲು ದಾಟಿ ಹೊರಗೆ ಬಂದೆ. ಹೇಗೆ ಬಂದೆನೋ —

“ಅಲ್ಲಿ ಅಗೀಬ್ಯಾಡ್ರಿ. ಆ ಮೂಲ್ಯಾಗ ನನ್ನ ಕೂಸು ಮಲಗೇತ್ರಿ.”

ಊರ ಗಂಡಸರ ಎದುರು ನಾನು ಆಡಿದ ಮೊದಲ ಮಾತು ಅದು.

ನಗು ನಿಂತಿತು. ಎಲ್ಲರೂ ನಿಮ್ಮ ಅಜ್ಜನ ಕಡೆ ನೋಡಿದರು. ಅಜ್ಜ ನನ್ನನ್ನು ನೋಡಿದರು. ಆ ನೋಟವನ್ನು ಹೇಗೆ ಬರೆಯಲಿ... “ಹೌದ್ರಿ” ಎಂದರು, ತಲೆ ತಗ್ಗಿಸಿದರು. ಗೆರೆ ಎಳೆಯುತ್ತಿದ್ದವನು ಕೋಲು ಕೆಳಗಿಟ್ಟು ಆ ಗೆರೆಯನ್ನು ಅಂಗೈಯಿಂದ ಅಳಿಸಿದ. ಬಾಳಪ್ಪ ಕಾಕಾ ನನ್ನ ಕಡೆ ಎರಡೂ ಕೈ ಜೋಡಿಸಿ, “ತಪ್ಪಾತ ಯವ್ವಾ, ನಮಗ ಗೊತ್ತಿರ್ಲಿಲ್ಲ” ಎಂದರು. ತಪ್ಪು ಯಾರದು, ಕೈ ಮುಗಿದವರು ಯಾರು!

ಆಮೇಲೆ ಆದದ್ದನ್ನೂ ಬರೆಯಬೇಕು. ಸೂರಿನ ನೀರು ತಮ್ಮ ಕಡೆ ಬೀಳುತ್ತದೆಂದು ಅಣ್ಣತಮ್ಮಂದಿರು ಕೋರ್ಟಿಗೆ ಹೋದ ಊರು ಇದು. ಒಂದು ಗೇಣು ಕಟ್ಟೆ ಮುಂದೆ ಬಂದರೆ ಮಾತು ಬಿಡುವ ಊರು. ಆ ಊರು, ಅಷ್ಟು ದೊಡ್ಡ ಬಯಲನ್ನು, ನೋಡಿರದ ಒಂದು ಕೂಸಿಗಾಗಿ ಹಾಗೆಯೇ ಬಿಟ್ಟಿತು. ಮಗ್ಗುಲಿನವರು ಮನೆ ಕಟ್ಟಿಸುವಾಗ ಗೋಡೆಯನ್ನು ಒಂದು ಮೊಳ ತಾವಾಗಿಯೇ ಹಿಂದೆ ಸರಿಸಿದರು. ಅಲ್ಲಿ ಮದುವೆಯ ಹಂದರ ಹಾಕಿದರೆ ಆ ಮೂಲೆಯಲ್ಲಿ ಒಲೆ ಹೂಡುತ್ತಿರಲಿಲ್ಲ. ಆಡುವ ಹುಡುಗರ ಚೆಂಡು ಅತ್ತ ಉರುಳಿದರೆ ಚಪ್ಪಲಿ ಬಿಟ್ಟು ಹೋಗಿ ತರುತ್ತಿದ್ದರು. ಯಾರೂ ಅವರಿಗೆ ಕಲಿಸಿಕೊಟ್ಟಿರಲಿಲ್ಲ. ಇಂಥ ಜನರ ನಡುವೆ ಇದ್ದೇನೆಂದು ನನಗೆ ಗೊತ್ತೇ ಇರಲಿಲ್ಲ — ಗೊತ್ತಾದದ್ದು ಅವರಿಗೆ ಮೋಸ ಮಾಡಿದ ಮೇಲೆ.

ಶಾಲೆಗೆ ಬೇರೆ ಜಾಗ ಸಿಗಲಿಲ್ಲ. ಒಂದು ತರಗತಿ ಮಠದ ಪಡಸಾಲೆಯಲ್ಲಿ, ಒಂದು ಚಾವಡಿಯಲ್ಲಿ, ಒಂದು ಊರ ಅಗಸಿಬಾಗಿಲ ಕಟ್ಟೆಯ ಮೇಲೆ. ನಿಮ್ಮ ಅಪ್ಪ ಕಲಿತದ್ದು ಅಗಸಿಯಲ್ಲಿ. ಚಕ್ಕಡಿ ಹಾಯ್ದು ಹೋಗುವಾಗ ಸದ್ದಿಗೆ ಮಗ್ಗಿ ನಿಲ್ಲುತ್ತಿತ್ತು. ಅದು ದಾಟಿದ ಕೂಡಲೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎಲ್ಲ ಮಕ್ಕಳೂ ಒಂದೇ ಬಾಯಲ್ಲಿ ಮುಂದುವರಿಸುತ್ತಿದ್ದರು. ನೀರಿಗೆ ಹೋಗುವಾಗ ಕೊಡ ಹೊತ್ತುಕೊಂಡೇ ನಿಂತು ಕೇಳುತ್ತಿದ್ದೆ. ಮಳೆಗಾಲದಲ್ಲಿ ಎರಡು ತರಗತಿ ಒಂದೇ ಖೋಲಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂಡುತ್ತಿದ್ದವು. ಅದರಲ್ಲಿಯೇ ಕಲಿತರು, ಆ ಮಕ್ಕಳು. ಎಲ್ಲರೂ ಅಲ್ಲ.

ಬಾಳಪ್ಪ ಕಾಕಾನ ಮಗಳು ಶಾಂತಾ ತರಗತಿಗೆಲ್ಲ ಜಾಣೆ. ಏಳನೆಯದು ಮುಗಿಯಿತು. ಊರಿಗೆ ಬಂದಿದ್ದ ಹೈಸ್ಕೂಲು ಜಾಗವಿಲ್ಲವೆಂದು ಬೇರೆ ಊರಿಗೆ ಹೋಗಿತ್ತು. ಯಮಕನಮರಡಿಯ ಬಸ್ಸಿನಲ್ಲಿ ಜೋತುಬಿದ್ದು ಹೋಗಲು ಕಾಕಾ ಕಳಿಸಲಿಲ್ಲ. ಅವಳ ಕಲಿಕೆ ಅಲ್ಲಿಗೇ ನಿಂತಿತು. ಆ ಹುಡುಗಿಯೇ ಅಮಾವಾಸ್ಯೆಗೊಮ್ಮೆ ಹೂವು ತಂದು ಆ ಮೂಲೆಗಿಡುತ್ತಿದ್ದಳು. “ವೈನಿ, ಪಾಪ, ಕೂಸು ಒಬ್ಬಾಕಿನ ಇರ್ತೈತಲ್ಲ” ಎಂದು ಅತ್ತಿಗೆಯಾದ ನನಗೆ ಹೇಳುತ್ತಿದ್ದಳು. ನಾನೂ ಅವಳೊಂದಿಗೆ ಅಲ್ಲಿ ಕೈಮುಗಿಯುತ್ತಿದ್ದೆ. ನಿಜವಾಗಿ ಮಲಗಿರುವ ಕಡೆ — ಹೊಲದ ಬೇವಿನ ಗಿಡದ ಹತ್ತಿರ — ಕಳೆಗೆ ಹೋದಾಗ ಜೊತೆಗಿದ್ದ ಹೆಂಗಸರು ನೋಡಿಯಾರೆಂದು ತಿರುಗಿ ಸಹ ನೋಡುತ್ತಿರಲಿಲ್ಲ. ನನ್ನ ಕೂಸನ್ನೂ ನಾನು ಹಾಗೆ ಬಿಟ್ಟುಬಿಟ್ಟೆ.

ಯಾಕೆ ಹಾಗೆ ಹೇಳಿದೆ ಎಂದು ನಿಮ್ಮ ಅಜ್ಜ ಒಮ್ಮೆ ಕೇಳಿದರು. ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಮೊದಲು ಅತ್ತೆ, ಆಮೇಲೆ ಅವರೂ ಹೋದ ಮೇಲೆ ಆ ಸುಳ್ಳನ್ನು ಬಲ್ಲವಳು ನಾನೊಬ್ಬಳೇ ಉಳಿದೆ.

ಈಗ ಮತ್ತೆ ಶಾಲೆಗೆ ಖೋಲಿಗಳು ಮಂಜೂರಾಗಿವೆ. ಮೊನ್ನೆ ಶಾಲೆಯ ಮುಖ್ಯ ಶಿಕ್ಷಕಿ, ದೊಡ್ಡ ಅಕ್ಕೋರು, ನಕಾಶೆ ಹಿಡಿದು ಮನೆಗೆ ಬಂದರು. ಜೊತೆಗೆ ಬಾಳಪ್ಪ ಕಾಕಾ, ಕೋಲೂರಿಕೊಂಡು. ಅಕ್ಕೋರು ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದರು: “ಆಯಿ, ಬ್ಯಾರೆ ಎಲ್ಲೂ ಜಾಗಾ ಇಲ್ರಿ. ನೀವು ಹೂಂ ಅಂದ್ರ ಆ ಮೂಲಿ ಬಿಟ್ಟು ಕಟ್ತೀವ್ರಿ. ಒಂದು ಖೋಲಿ ಕಡಿಮಿ ಆಗ್ತೈತಿ, ಆಗ್ಲಿ. ಸುತ್ತ ಹೂವಿನ ಗಿಡಾ ಹಚ್ತೀವಿ.”

ಇಲ್ಲದ ಕೂಸಿಗಾಗಿ ಇರುವ ಮಕ್ಕಳ ಒಂದು ಖೋಲಿ! ನಕಾಶೆಯ ಮೇಲೆ ಆ ಮೂಲೆಯನ್ನು ಅವರು ಸುಣ್ಣದ ಹಾಗೆ ಬಿಳಿಯಾಗಿ ಬಿಟ್ಟಿದ್ದರು. ಅದನ್ನು ನೋಡುತ್ತ ನೋಡುತ್ತ ಬಾಯಿ ತೆರೆದೆ. ಎಲ್ಲ ಹೇಳಿದೆ. ಬಿಸಿಲಿನ ಮಾತನ್ನೂ ಹೇಳಿದೆ.

ಕಾಕಾ ಬೈಯಲಿ ಎಂದು ಕಾದೆ. ಅವರು ಕೇಳಿದ್ದು —

“ಹಂಗಾರ ಕೂಸು ಎಲ್ಲೈತ್ಯವ್ವಾ?”

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳದಂತೆ ಮಾಡಿದವಳು ನಾನೇ. ಹೊಲದ ಬದುವಿನ ಬೇವಿನ ಗಿಡ ಎಂದೆ. ಅವರು ತಲೆಯಾಡಿಸಿ ಕೋಲು ಊರಿ ಎದ್ದರು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆಯೇ, “ಶಾಂತಾನ ಮುಂದ ನೀನ ಹೇಳು. ನನ್ನ ಕೈಲೆ ಆಗೂದಿಲ್ಲ” ಎಂದು ಹೋದರು.

ಅಕ್ಕೋರು ನನ್ನ ಕೈ ಹಿಡಿದುಕೊಂಡರು. “ಮಂದಿಗಿ ಯಾಕ ಹೇಳ್ತೀರಿ ಆಯಿ? ಕೂಸಿನ ಜಾಗಾನ ಸಾಲಿಗಿ ಬಿಟ್ಟುಕೊಟ್ರು ಅಂತ ಹೇಳೂಣು. ಬುನಾದಿ ಪೂಜಾದಾಗ ನಿಮಗ ಶಾಲು ಹೊಚ್ಚತೀವಿ.” ಅವರ ಮನಸ್ಸು ಒಳ್ಳೆಯದು. ಒಂದು ಗಳಿಗೆ — ಸುಳ್ಳು ಯಾಕೆ ಬರೆಯಲಿ — ಒಂದು ಗಳಿಗೆ ನನಗೂ ಹಾಗೆಯೇ ಆಗಲಿ ಎನಿಸಿತು. ಬೇಡವೆಂದೆ.

ನಾಳೆ ಬುನಾದಿಯ ಪೂಜೆ. ಮೂಲೆ ಸಹಿತ ಇಡೀ ಬಯಲಿಗೆ ಗೆರೆ ಬೀಳುತ್ತದೆ. ಶಾಂತಾ ಸಂಕೇಶ್ವರದಿಂದ ಬರುತ್ತಾಳೆ. ಮೊದಲು ಅವಳಿಗೆ, ಆಮೇಲೆ ಊರಿಗೆ, ನನ್ನ ಬಾಯಿಂದಲೇ ಹೇಳುತ್ತೇನೆ. ಅವಳು ಏನು ಅನ್ನುತ್ತಾಳೋ, ಅನ್ನಲಿ. ಬಾಯಿ ಹೊರಡದಿದ್ದರೆ — ನನ್ನ ಬಾಯಿ ನಿಮಗೆ ಗೊತ್ತಲ್ಲ — ಈ ಹಾಳೆಗಳನ್ನೇ ಅವಳ ಕೈಗೆ ಕೊಟ್ಟು ಓದು ಎನ್ನುತ್ತೇನೆ.

ಆಮೇಲೆ ಇವು ನಿಮ್ಮವು. ಈ ಊರಿನ ಮನಸ್ಸು ಎಷ್ಟು ದೊಡ್ಡದೆಂದು ನಾನು ಕಂಡವಳು. ವರ್ಷಗಳು ಕಳೆದಂತೆ ಅವರು ನನ್ನ ಸುಳ್ಳನ್ನು ಮರೆತು, ಶಾಲೆಗೆ ಜಾಗ ಬಿಟ್ಟುಕೊಟ್ಟವಳು ನಿಮ್ಮ ಆಯಿ ಎಂದೇ ನಿಮ್ಮ ಮುಂದೆ ಹೊಗಳಿಯಾರು. ಅಂದು ಅವರಿಗೆ ತೋರಿಸಲಿಕ್ಕೆ ಬೇಕು. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.