ಮಡಿ ಮಾಡಿದ ಟ್ರಾನ್ಸಿಸ್ಟರ್ ಚೀಲ

ಸ್ನೇಹಿತರೇ, ಯಕ್ಷಗಾನಕ್ಕೆ ಮದ್ದಳೆ ಬಾರಿಸುವ ನನ್ನ ಭಾವ ಇವತ್ತು ನನ್ನ ಎಂಟು ದಿನದ ಕೆಲಸ ಹಾಳು ಮಾಡಿದ. ಇಪ್ಪತ್ತು ವರ್ಷದ ಮೇಲೆ ಮತ್ತೆ ಸೂಜಿ ಹಿಡಿದು, ಸಾಗರದ ಪೇಟೆಯಿಂದ ಚರ್ಮ ತಂದು, ಬೆರಳೆಲ್ಲ ಚುಚ್ಚಿಕೊಂಡು ಟ್ರಾನ್ಸಿಸ್ಟರ್‌ಗೊಂದು ಚೀಲ ಹೊಲಿದಿದ್ದೆ. ಬೆಳಿಗ್ಗೆ ನೋಡಿದರೆ ಅದು ಬಚ್ಚಲ ಒಲೆಯ ಪಕ್ಕ ಹಪ್ಪಳದ ಹಾಗೆ ಸೆಟೆದು ಬಿದ್ದಿದೆ.

"ಯಾರು ಮಾಡಿದ್ದು ಇದು?"

"ನಾನೇ ಮಾರಾಯ. ಚರ್ಮದ್ದಲ್ವಾ? ದೇವರ ಕೋಣೆ ಪಕ್ಕ ಇಟ್ಟಿದ್ದೆ ನೀನು. ಮಡಿ ಆಗ್ಲಿ ಅಂತ ಬಿಸಿನೀರಲ್ಲಿ ಅದ್ದಿ ಒಣಗ್ಸಿದೆ."

"ನಿನ್ನ ಮದ್ದಳೆಗೆ ಹಾಕಿದ್ದು ಎಂತ, ಬಾಳೆ ಎಲೆಯಾ ಭಾವ?"

"ಅದು ದೇವರ ವಾದ್ಯ ಕಣೋ!"

ಈಗ ಟ್ರಾನ್ಸಿಸ್ಟರ್ ಚೀಲದೊಳಗೆ ಅರ್ಧವೂ ಹೋಗುವುದಿಲ್ಲ. ಭಾವ ಉಂಡು ಗೊರಕೆ ಹೊಡೆಯುತ್ತಿದ್ದಾನೆ. ಹಂಡೆಯಲ್ಲಿ ನೀರು ಕುದಿಯುತ್ತಿದೆ. ಮದ್ದಳೆ ಇನ್ನೂ ಮಡಿಯಾಗಿಲ್ಲ.