ಉಜ್ವಲಾಬಾಯಿಯ ಶನಿವಾರದ ಗ್ರಾಮಸಭೆ

ಶನಿವಾರ ಬೆಳಗಿನ ಆರು ಗಂಟೆ. ಶಾಲೆಯ ಅಂಗಳದಲ್ಲಿ ಹೆಣ್ಣುಮಗಳೊಬ್ಬರು ಸೆರಗು ಸೊಂಟಕ್ಕೆ ಸಿಗಿಸಿ, ಬಾಗಿ, ಸುಣ್ಣದ ಪುಡಿಯಲ್ಲಿ ಊರು ಬರೆಯುತ್ತಿದ್ದಾರೆ. ಇದು ಮೇಲಿನ ಓಣಿ, ಇದು ಕೆಳಗಿನ ಓಣಿ, ನಡುವೆ ಬಾವಿ, ಬೇವಿನ ಬುಡದಲ್ಲಿ ಪಂಚಾಯತಿ. ಪಂಚಾಯತಿ ಅಂದರೆ ಒಂದು ಕಬ್ಬಿಣದ ಕುರ್ಚಿ, ಅಷ್ಟೇ. ಶನಿವಾರ ಶಾಲೆ ಏಳೂವರೆಗೆ ಶುರು. ಅಷ್ಟರೊಳಗೆ ಊರು ತಯಾರಾಗಬೇಕು. ನಾಯಿಯೊಂದು ಕೆಳಗಿನ ಓಣಿ ತುಳಿದು ಹೋಗುತ್ತದೆ.

“ಹ್ವಾದ ವಾರನೂ ಇದೇ ಓಣಿ ಅಳಿಸಿತ್ತು ನೋಡ್ರಿ,” ಎಂದು ನಕ್ಕು ಮತ್ತೆ ಬರೆಯುತ್ತಾರೆ. “ಖರೇ ಊರಾಗೂ ಮೊದಲ ಅಳಿಸಿ ಹೋಗೋದು ಅದೇ.”

ಇವರು ಉಜ್ವಲಾ. ವಯಸ್ಸು ನಲವತ್ತೆಂಟು. ಕಲಿಸುವ ಹೆಂಗಸರನ್ನು ಈ ಕಡೆ ‘ಬಾಯಿ’ ಅನ್ನುವುದರಿಂದ ಊರಿಗೆಲ್ಲ ಉಜ್ವಲಾಬಾಯಿ. ಮಹಾರಾಷ್ಟ್ರದ ಗಡಿಯ ಔರಾದ ಶಹಾಜನಿಯಿಂದ ಮೊದಲ ಎಸ್.ಟಿ. ಬಸ್ಸು ಹಿಡಿದು, ಊರಿಗೆ ದಾರಿ ಒಡೆಯುವ ಫಾಟಾದಲ್ಲಿ ಇಳಿದು, ಎರಡು ಕಿಲೋಮೀಟರು ನಡೆದು ಬರುತ್ತಾರೆ. ಹನ್ನೊಂದು ವರ್ಷದಿಂದ ಇದೇ ದಾರಿ. ಊರಿನ ಹೆಸರು ಮಾತ್ರ “ಬರೀಬ್ಯಾಡ್ರಿ” ಅಂದಿದ್ದಾರೆ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು.

ತಂದೆಗೆ ಉದಗೀರದಲ್ಲಿ ಕಿರಾಣಿ ಅಂಗಡಿ ಇತ್ತು. “ಮನ್ಯಾಗ ಕನ್ನಡ, ಶಾಲ್ಯಾಗ ಮರಾಠಿ. ನಾಗರಿಕಶಾಸ್ತ್ರ ಗಿಳಿಹಾಂಗ ಒಪ್ಪಿಸಿ ಪಾಸಾದೆ,” ಅನ್ನುತ್ತಾರೆ. ಮೂವತ್ತೆರಡರಲ್ಲಿ ಗಂಡ ತೀರಿಕೊಂಡರು. ಒಂದು ಕಾಗದಕ್ಕಾಗಿ ಪಂಚಾಯತಿಗೆ ಏಳು ಸಲ ಅಲೆದರು. “ಯಾರ ಮುಂದ ನಿಲ್ಲಬೇಕು, ಏನು ಕೇಳಬೇಕು, ತಿಳೀತಿದ್ದಿಲ್ರಿ. ಪುಸ್ತಕದಾಗಿನ ಪಂಚಾಯತಿ ಆ ದಿನ ಒಂದಕ್ಷರ ನೆಪ್ಪಿಗೆ ಬರಲಿಲ್ಲ.” ಆಮೇಲೆ ಓದಿ, ಪರೀಕ್ಷೆ ಕಟ್ಟಿ, ಶಿಕ್ಷಕಿಯಾದರು. ತಮ್ಮ ತರಗತಿಯ ಮಕ್ಕಳೂ ಮರಾಠಿ ಪಾಠಕ್ಕೆ ಮೂಕರಾಗಿ ಕೂತು, ಬಿಡುವಿನಲ್ಲಿ ಕನ್ನಡದಲ್ಲಿ ಗದ್ದಲ ಹಾಕುವುದನ್ನು ನೋಡಿ, ನಾಗರಿಕಶಾಸ್ತ್ರದ ಪಾಠವನ್ನು ಆ ಗದ್ದಲದ ಕನ್ನಡಕ್ಕೇ ಇಳಿಸಿ ಶನಿವಾರದ ಆಟ ಮಾಡಿದರು.

ಆರು, ಏಳನೆಯ ತರಗತಿ ಸೇರಿ ಮೂವತ್ತೊಂದು ಮಕ್ಕಳು. ಬೂಟಿನ ಡಬ್ಬಿಯಲ್ಲಿ ಮೂವತ್ತೊಂದು ಚೀಟಿ. ರೈತ, ಕೂಲಿ ಹೆಂಗಸು, ಅಂಗಡಿಕಾರ, ಗ್ರಾಮಸೇವಕ, ಪಂಚಾಯತಿಯ ಮುಖ್ಯಸ್ಥ ಸರಪಂಚ, ಯಾವುದು ಕೈಗೆ ಬಂತೋ ಅದೇ ಅವತ್ತಿನ ಬಾಳು. ನೂರು ಹುಣಸೆಬೀಜ ಊರಿನ ವರ್ಷದ ನಿಧಿ. ನಳಕ್ಕೆ ಅರವತ್ತು ಬೇಕು, ಗಟಾರಕ್ಕೆ ಐವತ್ತು, ರಸ್ತೆಗೆ ಎಪ್ಪತ್ತು. ಸಾಲುವುದಿಲ್ಲ. ಬೇಕಂತಲೇ ಹಾಗೆ ಇಟ್ಟಿದ್ದಾರೆ. “ಸಾಕಾದ್ರ ಯಾರೂ ಯಾರ ಮಾತೂ ಕೇಳಂಗಿಲ್ರಿ.”

ಈ ಆಟಕ್ಕೆ ಶ್ರಾವಣದಲ್ಲಿ ಕುತ್ತು ಬಂತು. ಆ ವಾರ ಸರಪಂಚನ ಚೀಟಿ ಏಳನೆಯ ತರಗತಿಯ ವೈಷ್ಣವಿಗೆ ಬಂದಿತ್ತು. ಅವಳು ಕುರ್ಚಿ ಮುಟ್ಟುವುದರೊಳಗೆ, ಅಂಗಡಿಕಾರನ ಚೀಟಿ ಹಿಡಿದ ನೀಲೇಶ ಬಂದು ಕೂತುಬಿಟ್ಟ.

“ಏ, ಏಳೋ! ಸರಪಂಚ ನಾ!”

“ನಾ ಸರಪಂಚನ ಗಂಡ. ನೀ ಸಹಿ ಮಾಡು, ಮಾತು ನಾ ಆಡ್ತೀನಿ.”

“ಮತ್ತ ನಾ ಏನು ಮಾಡ್ಲಿ?”

“ಚಾ ಮಾಡಿ ಕಳಸು.”

ವೈಷ್ಣವಿ ಬೇವಿನ ಮರದ ಹಿಂದೆ ಹೋಗಿ ಕೂತಳು. ಸಭೆ ನಡೆಯಿತು. “ಒಬ್ಬರೂ ನಗಲಿಲ್ರಿ,” ಅನ್ನುತ್ತಾರೆ ಉಜ್ವಲಾಬಾಯಿ. “ನಕ್ಕಿದ್ರ ನನಗ ಸಮಾಧಾನ ಆಗ್ತಿತ್ತು.”

ಬೈಯಲಿಲ್ಲ. ಮುಂದಿನ ವಾರ ಒಂದೇ ಕಟ್ಟಳೆ ಹಾಕಿದರು: ಚೀಟಿ ಯಾರದೋ ಕುರ್ಚಿ ಅವರದು. ಹೋದ ವಾರದ ಚೀಟಿಗಳಲ್ಲೇ ಸಭೆ ಮತ್ತೆ ಕೂಡಿತು. ವೈಷ್ಣವಿ ಕುರ್ಚಿಯಲ್ಲಿ ಕೂತಳು. “ಅಂಗಡಿಕಾರಪ್ಪ, ಕೈ ಎತ್ತಿ ಮಾತಾಡು,” ಅಂತ ನೀಲೇಶನಿಗೆ ಗದರಿದಳು.

ಸುದ್ದಿ ಮನೆಮನೆಗೆ ಹೋಯಿತು. ಊರಿನ ಖರೇ ಸರಪಂಚ ಮೀನಲ ಎಂಬ ಹೆಣ್ಣುಮಗಳು. ಪಂಚಾಯತಿಯಲ್ಲಿ ಕೂಡುವವರು ಆಕೆಯ ಗಂಡ ಬಾಲಾಜಿ. ಶಾಲಾ ಸಮಿತಿಯಲ್ಲೂ ಅವರೇ. ಮೋಟರಸೈಕಲ್ ಮೇಲೆ ಬಂದಿಳಿದರು.

“ಬಾಯಿ, ಹುಡುಗೂರ ಕಡಿಂದ ನನ್ನ ನಕಲಿ ಮಾಡಸ್ತೀರೇನ್ರಿ? ಆ ಸರಪಂಚನ ಗಂಡನ ಚೀಟಿ ಹರೀರಿ ಮೊದಲ.”

ಉಜ್ವಲಾಬಾಯಿ ಡಬ್ಬಿ ಮುಂದಿಟ್ಟರು. “ನೀವೇ ಹುಡುಕಿ ಹರೀರಿ, ಅಣ್ಣಾ.”

ಬಾಲಾಜಿ ಮೂವತ್ತೊಂದನ್ನೂ ತೆಗೆದು ಓದಿದರು. ಎರಡು ಸಲ. ಇರಲಿಲ್ಲ.

“ಹಂಗಾರ ಎಲ್ಲಿಂದ ಬಂತಿದು?”

“ನಾ ಬರದಿಲ್ರಿ. ಹುಡುಗೂರು ನೋಡ್ಯಾರ.”

ಬಾಲಾಜಿ ಚೀಟಿಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಎದ್ದರು. ಸಿಟ್ಟು ಮಾತ್ರ ಇಳಿಯಲಿಲ್ಲ. ಸಮಿತಿಯ ಸಭೆಯಲ್ಲಿ ಆಟ ಬಂದ್ ಮಾಡಿಸುತ್ತೇನೆ ಅಂದು ಹೋದರು. “ಪುಸ್ತಕ ಓದಸ್ರಿ ಸಾಕು, ಈ ಉಸಾಬರಿ ಯಾಕ?” ಅಂದರು ಹೆಡ್‌ಮಾಸ್ತರರು.

ಮೊನ್ನೆ ಸೋಮವಾರ ಸಮಿತಿ ಕೂಡಿತು. ಕರೆಯದೆ ಮೀನಲ ಬಂದರು. ಸರಪಂಚರಾಗಿ ಮೂರು ವರ್ಷ. ಇಲ್ಲಿಯತನಕ ಸಹಿಗಾಗಿ ರಜಿಸ್ಟರೇ ಅವರ ಮನೆಗೆ ಹೋಗುತ್ತಿತ್ತು. ಬಾಗಿಲ ಹತ್ತಿರ ಕೂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಆಡಿದ್ದು ಒಂದೇ ಮಾತು: “ನಾ ನೋಡ್ತೀನ್ರಿ ಆಟ. ನಾ ನೋಡಿ ಮುಗಿಸೋತನಾ ಬಂದ್ ಮಾಡಬ್ಯಾಡ್ರಿ.” ಬಾಲಾಜಿ ಹೆಂಡತಿಯ ಮುಖ ನೋಡಿದರು. ಬಂದ್ ಮಾಡುವ ಮಾತು ಅಲ್ಲಿಗೇ ನಿಂತಿತು.

ಅದಕ್ಕೇ ಇವತ್ತು ಮೀನಲ ಸುಣ್ಣದ ಗೆರೆಯ ಆಚೆ ನಿಂತಿದ್ದಾರೆ. ವೈಷ್ಣವಿಗೆ ಇಂದು ಕೂಲಿ ಹೆಂಗಸಿನ ಚೀಟಿ. ನಳ ಬೇಕೆಂದು ಗಂಟಲು ಹರಿಯುವಂತೆ ಜಗಳಾಡುತ್ತಾಳೆ. ಬೀಜ ಹಂಚಿ ಮುಗಿದ ಮೇಲೆ ಮೀನಲ ಉಜ್ವಲಾಬಾಯಿಯನ್ನು ಮೆಲ್ಲಗೆ ಕೇಳುತ್ತಾರೆ:

“ಖರೇ ನಿಧಿನೂ ಹಿಂಗ ಸಭಾದಾಗೇ ಮಾತಾಡಿ ಹಂಚಬೇಕೇನ್ರಿ?”

“ಹೌದ್ರಿ. ನಿಮ್ಮ ಮುಂದ.”

ಮುಂದಿನ ಗ್ರಾಮಸಭೆಯ ತಾರೀಖು ಕೇಳಿ, ಪೆನ್ನು ಇಸಿದುಕೊಂಡು, ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಹೊರಡುವಾಗ ಒಂದು ಮಾತು: “ಇನ್ನಾ ನೋಡಿ ಮುಗಿದಿಲ್ರಿ. ಮುಂದಿನ ಶನಿವಾರನೂ ಬರ್ತೀನಿ.”

ನಿಮಗೇನು ಆಗಬೇಕು ಅಂತ ಉಜ್ವಲಾಬಾಯಿಯನ್ನು ಕೇಳಿದರೆ, ಹುಣಸೆಬೀಜ ಆಯುತ್ತಲೇ ನಗುತ್ತಾರೆ.

“ಅವರು ನೋಡೋದು ಲಗೂನ ಮುಗೀಬಾರದು. ಅಷ್ಟೇ ನೋಡ್ರಿ.”