ನಗಿಸುವವರ ಪಕ್ಕ ನಿಂತವರು

ಬೆಳಿಗ್ಗೆ ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಇಡ್ಲಿ ಹಿಟ್ಟು ಸ್ವಲ್ಪ ಹುಳಿ ಬಂದಿತ್ತು, ಹಾಗೇ ಬೇಯಲಿಟ್ಟೆ. ಇವರಿಗೆ ಬಿಪಿ ಮಾತ್ರೆ ಕೊಟ್ಟೆ. ಅಂಗಿಯ ಗುಂಡಿಗಳನ್ನು ಇವರೇ ಎಡಗೈಯಲ್ಲಿ ಹಾಕಿಕೊಂಡರು. ಮೇಲಿನದನ್ನು ಮಾತ್ರ ನಾನು ಹಾಕಿದೆ.

ಗೌರಿ ಹಬ್ಬದ ಹಿಂದಿನ ದಿನ ಇವರ ಕೈಯಿಂದ ಕಾಫಿ ಲೋಟ ಜಾರಿತ್ತು. ಏನಾಯಿತು ಎಂದರೆ ಬಾಯಿ ಆಡಿತು, ಮಾತು ಹೊರಡಲಿಲ್ಲ.

ಇವರೂ ಚೆನ್ನಣ್ಣನೂ ಹಾಸ್ಯದ ಜೋಡಿ. ರಾಜಾಜಿನಗರದ ಗಣೇಶನ ಪೆಂಡಾಲಿನಲ್ಲಿ ಶುರುಮಾಡಿ ಊರೂರು ಸುತ್ತಿದವರು. ಚೆನ್ನಣ್ಣ ತಪ್ಪುತಪ್ಪಾಗಿ ಮಾತಾಡಿ ನಗಿಸುವವರು, ಇವರು ಮುಖ ಗಂಟಿಕ್ಕಿಕೊಂಡು ತಿದ್ದುವವರು. ಚಪ್ಪಾಳೆಯೆಲ್ಲ ಚೆನ್ನಣ್ಣನಿಗೆ. "ಇವ್ನು ಒಂಚೂರು ಬೇಗ ತಿದ್ದಿದ್ರೂ ಜನ ನಗಲ್ಲ ಅತ್ತಿಗೆ" ಎಂದು ಅವರೇ ಹೇಳುತ್ತಾರೆ.

ಲೋಟ ಜಾರಿದ ದಿನ ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ ಡಾಕ್ಟರ್, "ಸ್ವಲ್ಪ ನಗಿ ಸಾರ್" ಎಂದರು. ಇವರು ನಗಲಿಲ್ಲ.

"ಇವರು ನಗಲ್ಲ ಡಾಕ್ಟ್ರೇ, ಅದೇ ಇವರ ಕೆಲಸ. ಹಲ್ಲು ತೋರ್ಸಿ ಅನ್ನಿ" ಎಂದೆ.

ತೋರಿಸಿದರು. ಬಲಗಡೆಯ ತುಟಿ ಮೇಲೇಳಲಿಲ್ಲ.

ಸ್ಟ್ರೋಕ್.

ಫಿಸಿಯೋಥೆರಪಿಯಲ್ಲಿ ಕಾಲು ಬಂತು, ಕೈ ಅರ್ಧ ಬಂತು. ಮಾತು ಬರಲಿಲ್ಲ. ಸ್ಪೀಚ್ ಥೆರಪಿಯ ಹುಡುಗಿ ಚಿತ್ರ ತೋರಿಸಿ "ಇದೇನು ಸಾರ್?" ಎಂದು ಕೇಳಿದರೆ ಇವರ ಕಣ್ಣು ತುಂಬುತ್ತಿತ್ತು. ಗೊತ್ತಿದ್ದದ್ದು ಬಾಯಿಗೆ ಬರದು. ಇವರ ಬಾಯಲ್ಲಿ ಇನ್ನೊಮ್ಮೆ ನನ್ನ ಹೆಸರು ಕೇಳುತ್ತೇನೋ ಇಲ್ಲವೋ ಎಂದು ಬಟ್ಟೆ ಒಣಹಾಕುತ್ತಾ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇವತ್ತು ಚೆನ್ನಣ್ಣ ಬ್ಯಾಡರಹಳ್ಳಿಯಿಂದ ಬಸ್ಸಿನಲ್ಲಿ ಬಂದರು. ಇಡ್ಲಿ ತಟ್ಟೆ ಮುಂದಿಟ್ಟೆ.

"ವಡೆ ಮೆತ್ತಗಿದೆ ಅತ್ತಿಗೆ."

ಇವರು ತಲೆ ಎತ್ತಿದರು.

"ಇಷ್ಟು ಬೆಳ್ಳಗಿರೋ ವಡೆ ನಾನು ತಿಂದೇ ಇಲ್ಲ."

ಇವರ ಹುಬ್ಬು ಗಂಟಿಕ್ಕಿತು. ನಾನು ಏನೋ ಹೇಳಹೊರಟೆ. ಚೆನ್ನಣ್ಣ ಕೈ ಅಡ್ಡ ಹಿಡಿದು, ವೇದಿಕೆಯ ಮೇಲೆ ಕಾಯುವ ಹಾಗೆಯೇ ಕಾದರು.

"ಇಡ್ಲಿ."

"ಏನಂದೆ?"

"ಇಡ್ಲಿ ಕಣೋ."

ಚೆನ್ನಣ್ಣ ಎದ್ದುಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈ ಸರೋಜಮ್ಮ ದಿನಾ ಇಲ್ಲೇ ಇರ್ತಾರಾ?" ಎಂದರು.

ಇವರು ಅವರನ್ನು ದುರುಗುಟ್ಟಿ ನೋಡಿದರು. ತುಟಿ ಎರಡು ಸಲ ಅಲ್ಲಾಡಿತು.

"ಗಿ... ಜಾ."

ಗಿರಿಜಾ ಎಂಬ ನನ್ನ ಹೆಸರಿನ ನಡುವಿನ ಅಕ್ಷರ ಎಲ್ಲೋ ಉಳಿದುಕೊಂಡಿತ್ತು. ಇರಲಿ.

ಥೆರಪಿಯ ಹುಡುಗಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ನಾನೂ ತಪ್ಪು ಹೇಳ್ತೀನಿ ಆಂಟಿ, ನೀವೂ ಹೇಳಿ" ಎಂದಳು. ಎಲ್ಲ ಮಾತೂ ಮರಳದಿರಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದಾರೆ. ಮತ್ತೆ ವೇದಿಕೆ ಹತ್ತುವ ಮಾತನ್ನು ನಾವ್ಯಾರೂ ಎತ್ತಲಿಲ್ಲ.

ರಾತ್ರಿ ಅನ್ನ, ತಿಳಿಸಾರು, ಸುಟ್ಟ ಹಪ್ಪಳ. "ಪಾಯಸ ಹೇಗಿದೆ?" ಎಂದು ಕೇಳಿದೆ. ಚೆನ್ನಣ್ಣನ ಹದ ನನಗೆಲ್ಲಿ ಬರಬೇಕು, ಕೇಳಿ ಮುಗಿಸುವ ಮೊದಲೇ ನಗು ಬಂತು. ಇವರು ನಗಲಿಲ್ಲ. ನನ್ನ ನಗು ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಹೇಳಿದರು.

"ಸಾರು."

ಇಷ್ಟು ದಿನ ರಾತ್ರಿಯೆಲ್ಲ ಹೊರಳಾಡುತ್ತಿದ್ದವರು ಇವತ್ತು ನನಗಿಂತ ಮೊದಲೇ ನಿದ್ದೆ ಹೋದರು.